ಗಾಜಿನ ಕಡಲಿಗೊಬ್ಬ ಸೂರ್ಯ

ಆಸ್ಟ್ರೇಲಿಯ ಖಂಡದ ಪೂರ್ವಕ್ಕೆ, ಶಾಂತಸಾಗರದ ವಿಸ್ತಾರದಲ್ಲಿ, ನ್ಯೂ ಕ್ಯಾಲೆಡೋನಿಯ ಎಂಬ ಫ್ರೆಂಚರ ಆಡಳಿತದ ದ್ವೀಪವೊಂದಿದೆ. ಅಲ್ಲಿಯ ಮುಖ್ಯ ಪಟ್ಟಣವಾದ ನೂಮೆಯಾದ ಕಡಲಂಚಿನಲ್ಲಿ ರೆನೆ ಕಟಾಲಾ ಎಂಬ ಜೀವಶಾಸ್ತ್ರಜ್ಞರು ೧೯೫೬ರಲ್ಲಿ ಒಂದು ಮತ್ಸ್ಯಾಲಯವನ್ನು ತೆರೆದರು. ಮೀನುಗಳ ಸಂಗಡ ಜೀವಂತ ಹವಳಗಳನ್ನೂ ತೊಟ್ಟಿಯಲ್ಲಿ ಉಳಿಸಿ ಜನರಿಗೆ ತೋರಿಸಬೇಕೆಂಬುದು ಅವರ ಹಂಬಲವಾಗಿತ್ತು. ಕಡಲಿನ ಆಳದಿಂದ ಎತ್ತಿ ತಂದ ಕೆಲವು ಹವಳಗಳು ಹಗಲಿನಲ್ಲಿ ಕಂದಾಗಿ, ಮಾಸಲು ಹಸಿರಾಗಿ, ಯಾರೂ ಎರಡನೆಯ ಸಲ ತಿರುಗಿ ನೋಡದಂತೆ ಇರುತ್ತಿದ್ದುವು. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಕಣ್ಣಿಗೆ ಕಾಣಿಸದ ಅತಿನೇರಳೆ ಕಿರಣಗಳನ್ನು ಅವುಗಳ ಮೇಲೆ ಹಾಯಿಸಿದಾಗ ಮಾತ್ರ ಕತ್ತಲೆಯ ಒಡಲಿನಿಂದ ಹಸಿರು, ಕಿತ್ತಳೆ, ಕೆಂಪು ಬಣ್ಣಗಳು ಊದಿದ ಕೆಂಡದಂತೆ ಎದ್ದು ಬಂದುವು. ೧೯೫೯ರಲ್ಲಿ ಕಟಾಲಾ ಅವರು ಈ ಸೋಜಿಗವನ್ನು 'ನೇಚರ್' ಪತ್ರಿಕೆಯಲ್ಲಿ ವಿಜ್ಞಾನಿಗಳ ಮುಂದಿಟ್ಟರು. ಐದು ವರ್ಷಗಳ ಅನಂತರ ಹೊರಬಂದ ತಮ್ಮ ಪುಸ್ತಕಕ್ಕೆ 'ಕಡಲ ಕೆಳಗಿನ ಜಾತ್ರೆ' ಎಂಬರ್ಥದ ಹೆಸರನ್ನೇ ಕೊಟ್ಟರು.

ಅಂದು ಆ ಜಾತ್ರೆಯನ್ನು ನೋಡಬೇಕಾದರೆ ನೂಮೆಯಾಕ್ಕೆ ಹಡಗು ಹತ್ತಬೇಕಾಗಿತ್ತು. ಇಂದು ಅದು ಅಮೆರಿಕ, ಜರ್ಮನಿ, ಹಾಲೆಂಡ್, ಜಪಾನುಗಳ ಸಾಮಾನ್ಯ ಗೃಹಸ್ಥರ ಪಡಸಾಲೆಗೇ ಬಂದು ಕುಳಿತಿದೆ. ಒಂದೂವರೆ ಗಜದ ಗಾಜಿನ ತೊಟ್ಟಿ. ಅದರಲ್ಲಿ ಅಳತೆಯಿಟ್ಟು ಬೆರೆಸಿದ ಉಪ್ಪುನೀರು. ತೂತು ಬಿದ್ದ ಕಲ್ಲುಗಳ ಮೇಲೆ ಅಂಟಿಸಿದ, ಹೆಬ್ಬೆರಳ ಗಾತ್ರದ ಹವಳದ ತುಂಡುಗಳು. ಇವೆಲ್ಲದರ ಮೇಲೆ ಸರಪಣಿಯಿಂದ ತೂಗಿದ ಒಂದು ಚಪ್ಪಟೆ ದೀಪ. ಮನೆಗೆ ಬಂದ ಅತಿಥಿಯ ಕಣ್ಣು ಮೊದಲು ಹೋಗುವುದು ಮೀನಿನ ಕಡೆಗೆ. ಮನೆಯ ಯಜಮಾನನ ಕಣ್ಣು ಮಾತ್ರ ಸದಾ ದೀಪದ ಕಡೆಗೇ ಇರುತ್ತದೆ. ಏಕೆಂದರೆ ತೊಟ್ಟಿಗಿಂತಲೂ, ಮೀನಿಗಿಂತಲೂ ಹೆಚ್ಚು ಹಣ ಸುರಿದಿರುವುದು ಅಲ್ಲಿ. ಹೆಚ್ಚು ನಿದ್ದೆಗೆಟ್ಟಿರುವುದೂ ಅದಕ್ಕಾಗಿಯೆ. ಆ ದೀಪದೊಳಗೆ ಊದಾ, ನೀಲಿ, ಬಿಳಿ, ಹಸಿರು, ಕೆಂಪು ಎಂದು ಸಾಲುಸಾಲಾಗಿ ಎಲ್‌ಇಡಿ ಹರಳುಗಳಿವೆ. ಒಂದೊಂದು ಬಣ್ಣವನ್ನೂ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ಹಾಗೆ ಮಾಡುವ ಅಧಿಕಾರ ಕೈಗೆ ಬಂದುದೇ ತೊಂದರೆಗೆ ಮೂಲವಾಯಿತು. ಯಾವ ಬಣ್ಣ, ಎಷ್ಟು? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನ ತೊಟ್ಟಿಯಲ್ಲಿ ಒಂದು ತಿಂಗಳೊಳಗೆ ಬಿಳಿಯ ಸುಣ್ಣದ ಗೂಡುಗಳ ಹೊರತು ಬೇರೇನೂ ಉಳಿಯದೆ ಹೋಗಬಹುದು.

ಉಂಗುರದ ಹವಳವೇ ಬೇರೆ

ಹವಳವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಕರಿಮಣಿಯ ನಡುವಿನ ಕೆಂಪು ಮಣಿ, ಇಲ್ಲವೆ ಅಂಗಾರಕನ ಪ್ರೀತ್ಯರ್ಥವಾಗಿ ಬೆರಳಿಗೇರಿದ ಉಂಗುರ. ಆ ಕೆಂಪು ಹವಳ ಮೆಡಿಟರೇನಿಯನ್ ಮೊದಲಾದ ಕಡಲುಗಳಲ್ಲಿ, ಬಂಡೆಗಳ ನೆರಳಿನಲ್ಲೂ ಗವಿಗಳಲ್ಲೂ ಮಬ್ಬುಗತ್ತಲೆಯ ಆಳದಲ್ಲೂ ಬೆಳೆಯುವಂಥದು. ಅದು ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಆಹಾರವನ್ನು ಹಿಡಿದು ತಿನ್ನುತ್ತದೆ. ಅದಕ್ಕೆ ಬೆಳಕಿನ ಹಂಗಿಲ್ಲ. ಗಾಜಿನ ತೊಟ್ಟಿಯಲ್ಲಿ ಬೆಳೆಸುವುದು ಅದನ್ನಲ್ಲ. ಉಷ್ಣವಲಯದ ತಿಳಿಗಡಲಿನಲ್ಲಿ ದಿಬ್ಬ ಕಟ್ಟುವ ಅದರ ದಾಯಾದಿಗಳನ್ನು.

ಹವಳವು ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದು ಪ್ರಾಣಿ, ಪಾಲಿಪ್ ಎಂಬ ಪುಟ್ಟ ಚೀಲದಂಥ ಜೀವಿಗಳ ಒಕ್ಕಲು. ಬಾಯಿಯ ಸುತ್ತ ಕೊಂಬುಗಳನ್ನು ಹರಡಿಕೊಂಡು, ತನ್ನ ಕೆಳಗೆ ತಾನೇ ಸುಣ್ಣದ ಮನೆಯನ್ನು ಕಟ್ಟಿಕೊಳ್ಳುತ್ತ ಹೋಗುತ್ತದೆ. ದಿಬ್ಬ ಕಟ್ಟುವ ಜಾತಿಗಳ ವಿಶೇಷವೇನೆಂದರೆ, ಅವುಗಳ ಮೈಯ ಜೀವಕೋಶಗಳ ಒಳಗೆ ಕಂದು ಬಣ್ಣದ ಏಕಕೋಶ ಪಾಚಿಗಳು ಬಿಡಾರ ಹೂಡಿರುತ್ತವೆ. ಪಾಚಿಯು ಬೆಳಕಿನಿಂದ ಅಡಿಗೆ ಮಾಡುತ್ತದೆ. ಮಾಡಿದುದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೇ ಬಡಿಸುತ್ತದೆ. ಹವಳವು ಅದಕ್ಕೆ ಪ್ರತಿಯಾಗಿ ವಾಸಕ್ಕೆ ತಾವನ್ನೂ ಸಾರಜನಕ, ಇಂಗಾಲಾಮ್ಲಗಳನ್ನೂ ಒದಗಿಸುತ್ತದೆ. ೧೯೨೮-೨೯ರಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ಹೋದ ಬ್ರಿಟಿಷ್ ತಂಡದ ನಾಯಕ ಯಂಗ್, ಪಲಾವು ದ್ವೀಪದಲ್ಲಿ ದುಡಿದ ಜಪಾನಿನ ಕವಾಗುಟಿ ಮೊದಲಾದವರು ಈ ಒಳಗುಟ್ಟನ್ನು ಬಿಡಿಸಲು ವರುಷಗಟ್ಟಲೆ ಶ್ರಮಿಸಿದರು. ತೊಟ್ಟಿಯ ಮೇಲೆ ದೀಪ ತೂಗುಹಾಕುವವನು ನಿಜವಾಗಿ ಬೆಳಕನ್ನು ಉಣಿಸುತ್ತಿರುವುದು ಈ ಬಿಡಾರದ ಪಾಚಿಗೆ. ಪಾಚಿ ಮುನಿದು ಹೊರಟುಹೋದರೆ, ಅಥವಾ ಹವಳವೇ ಅದನ್ನು ಹೊರದಬ್ಬಿದರೆ, ಪಾರದರ್ಶಕವಾದ ಚರ್ಮದ ಕೆಳಗಿನ ಬಿಳಿಯ ಸುಣ್ಣ ಕಾಣಿಸುತ್ತದೆ. ಬಿಳಿಚುವಿಕೆಯೆಂದರೆ ಇದೇ. ಬಿಳಿಚಿದ ಹವಳ ಒಡನೆಯೇ ಸಾಯುವುದಿಲ್ಲ; ಆದರೆ ಅಡಿಗೆಯವನು ಬಿಟ್ಟುಹೋದ ಮನೆಯಂತೆ ದಿನದಿನಕ್ಕೆ ಸೊರಗುತ್ತದೆ.

ಹಾಗಾದರೆ ಈ ಪಾಚಿಗೆ ರುಚಿಸುವ ಬೆಳಕು ಯಾವುದು? ಉತ್ತರವನ್ನು ಕಡಲಿನಲ್ಲಿಯೇ ಹುಡುಕಬೇಕು. ಸೂರ್ಯನ ಬಿಳಿಯ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಇವೆಯಷ್ಟೆ. ನೀರು ಇವೆಲ್ಲವನ್ನೂ ಸಮನಾಗಿ ಒಳಗೆ ಬಿಡುವುದಿಲ್ಲ. ಕೆಂಪನ್ನು ಮೊದಲು ನುಂಗುತ್ತದೆ. ತಿಳಿಗಡಲಿನಲ್ಲಿ ಹತ್ತು ಮೀಟರು ಇಳಿಯುವಷ್ಟರಲ್ಲಿ ಕೆಂಪಿನ ಬಹುಪಾಲು ಮುಗಿದಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಯವರೆಗೂ ಜೊತೆಗೆ ಬರುವುದು ನೀಲಿ. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬ ಮಾತನ್ನು ಒಪ್ಪದೆ, ೧೯೨೧ರಲ್ಲಿ ನರ್ಕುಂಡ ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಚಂದ್ರಶೇಖರ ವೆಂಕಟರಾಮನ್ ಅವರು ಒಂದು ನಿಕಾಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ಮೇಲ್ಮೈಯ ಹೊಳಪನ್ನು ಅಳಿಸಿ ನೋಡಿದ ಪ್ರಸಂಗ ಪ್ರಸಿದ್ಧವಾಗಿಯೇ ಇದೆ. ನೀರು ತಾನೇ ನೀಲಿಯನ್ನು ಚೆದರಿಸುತ್ತದೆಂದು ಅವರು ತೋರಿಸಿದರು. ಕೆಂಪನ್ನು ಹೀರಿಕೊಳ್ಳುವುದೂ ಅದಕ್ಕೆ ಕೂಡಿಕೊಳ್ಳುತ್ತದೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಹೂವುಗಳ, ರತ್ನಗಳ ಬಣ್ಣವನ್ನು ಅರಸಿದ ಆ ಕಣ್ಣು ಮೊದಲು ಸೋತದ್ದು ಕಡಲಿನ ಬಣ್ಣಕ್ಕೆ.

ಲಕ್ಷಾಂತರ ವರುಷಗಳಿಂದ ನೀಲಿಯನ್ನೇ ಉಂಡು ಬೆಳೆದ ಪಾಚಿಯ ಪಾತ್ರೆಪಡಗಗಳೂ ನೀಲಿಗೇ ಹೊಂದಿಕೊಂಡಿವೆ. ಅದರಲ್ಲಿರುವ ಒಂದು ಬಗೆಯ ಪತ್ರಹರಿತ್ತು ೪೩೦ ನ್ಯಾನೋಮೀಟರ್ ಸುಮಾರಿನ ಊದಾ-ನೀಲಿಯನ್ನು ಹೀರುತ್ತದೆ. ಇನ್ನೊಂದು ಬಗೆ ೪೫೦ರ ಸುಮಾರಿನ ನೀಲಿಯನ್ನು. ಪೆರಿಡಿನಿನ್ ಎಂಬ ಕಿತ್ತಳೆಗೆಂಪಿನ ವರ್ಣದ್ರವ್ಯವು ಅಲ್ಲಿಂದ ಮುಂದಕ್ಕೆ, ನೀಲಿಯಿಂದ ಹಸಿರಿನ ಅಂಚಿನವರೆಗೆ, ಉಳಿದುದನ್ನು ಬಾಚಿಕೊಳ್ಳುತ್ತದೆ. ಪತ್ರಹರಿತ್ತಿಗೆ ಕೆಂಪಿನಲ್ಲಿಯೂ ಒಂದು ಸಣ್ಣ ಹಸಿವುಂಟು. ಹೊಲದ ಪೈರಿಗೆ ಕೆಂಪು ಬೆಳಕು ಹಿತವೆಂದು ಓದಿದವರು ಹವಳಕ್ಕೂ ಅದನ್ನೇ ಬಡಿಸಹೋಗುವುದು ಇದರಿಂದ. ೨೦೧೪ರಲ್ಲಿ ಹಾಲೆಂಡಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಈ ಭ್ರಮೆಯನ್ನು ಬಿಡಿಸಿತು. ಸ್ಟೈಲೋಫೋರ ಎಂಬ ಕವಲೊಡೆಯುವ ಹವಳದ ತುಂಡುಗಳನ್ನು ಅವರು ಮೂರು ಗುಂಪು ಮಾಡಿದರು. ಒಂದಕ್ಕೆ ನೀಲಿ, ಒಂದಕ್ಕೆ ಕೆಂಪು, ಮತ್ತೊಂದಕ್ಕೆ ಎರಡರ ಸಮಪಾಲು. ಆರು ವಾರ ಕಳೆದಾಗ ಹೆಚ್ಚು ತುಂಡುಗಳು ಬದುಕಿ ಉಳಿದದ್ದು ನೀಲಿಯಲ್ಲಿ. ಪ್ರಬಲವಾದ ಕೆಂಪಿನಲ್ಲಿ ಇಟ್ಟವುಗಳಲ್ಲಿ ಉಳಿದದ್ದು ಕಡಿಮೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಕಡಲಿನಲ್ಲಿ ಹತ್ತು ಮೀಟರು ನೀರು ಮಾಡುವ ಸೋಸುವ ಕೆಲಸವನ್ನು ತೊಟ್ಟಿಯ ಎರಡಡಿ ನೀರು ಮಾಡಲಾರದು. ಮೇಲಿನಿಂದ ಬಿದ್ದ ಕೆಂಪು ಹಾಗೆಯೇ ತಳ ಮುಟ್ಟುತ್ತದೆ. ಆದುದರಿಂದ ಕಡಲಿನ ಆಳವನ್ನು ದೀಪದಲ್ಲಿಯೇ ತುಂಬಿಡಬೇಕು. ದೀಪದ ನೀಲಿಯೆಂದರೆ ಇಲ್ಲದ ನೀರಿಗೆ ಬದಲಾಗಿ ಇಟ್ಟ ನೀಲಿ.

ಇದು ತಿಳಿಯುವುದಕ್ಕೆ ಮುಂಚೆ ಹವಳ ಸಾಕುವವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಜಕಾರ್ತದ ಲೀ ಚಿನ್ ಎಂಗ್ ಎಂಬಾತ ೧೯೬೧ರಲ್ಲಿ ಬರೆದ ಲೇಖನವೊಂದು ಅವರಿಗೆಲ್ಲ ಆದಿಗ್ರಂಥವಿದ್ದಂತೆ. ಕಡಲಿನಿಂದ ತಂದ ಜೀವಂತ ಕಲ್ಲು, ಗಾಳಿಯ ಗುಳ್ಳೆಗಳು, ಮತ್ತು ಬಿಸಿಲು. ಇಷ್ಟೇ ಆತನ ಸಲಕರಣೆ. ಭೂಮಧ್ಯರೇಖೆಯ ಬಳಿಯ ಬಿಸಿಲು ಜಕಾರ್ತಕ್ಕೆ ಪುಕ್ಕಟೆಯಾಗಿ ಸಿಕ್ಕಿತು. ಆರು ತಿಂಗಳು ಮೋಡದ ಕೆಳಗೆ ಬದುಕುವ ಹ್ಯಾಂಬರ್ಗಿಗೆ ಅದನ್ನು ತರುವುದೆಲ್ಲಿಂದ? ಅಲ್ಲಿಯವರು ಮೊದಲು ಕೊಳವೆ ದೀಪಗಳನ್ನು ಸಾಲಾಗಿ ಜೋಡಿಸಿದರು. ಬಿಳಿಯ ಕೊಳವೆಗಳ ನಡುವೆ ಆಕ್ಟಿನಿಕ್ ಎಂಬ, ೪೨೦ ನ್ಯಾನೋಮೀಟರಿನ ನೀಲಿ ಕೊಳವೆ ಸೇರಿತು. ಅನಂತರ ಬೀದಿದೀಪಗಳ ಬಂಧುವಾದ ಮೆಟಲ್ ಹ್ಯಾಲೈಡ್ ದೀಪಗಳು ಬಂದುವು. ೧೫೦, ೨೫೦, ೪೦೦ ವ್ಯಾಟುಗಳ ಈ ಪ್ರಚಂಡರ ಕೆಳಗೆ ಹವಳಗಳು ನಿಜವಾಗಿಯೂ ಬೆಳೆದುವು. ನೀರಿನ ಮೇಲ್ಮೈಯ ಅಲೆಗಳು ಮರಳಿನ ಮೇಲೆ ಬೆಳಕಿನ ಬಲೆಯಾಡಿಸಿ ಮನೆಯವರನ್ನು ಮರುಳುಗೊಳಿಸಿದುವು. ಆದರೆ ಅವು ಕಾರುವ ಶಾಖದಿಂದ ನೀರು ಬಿಸಿಯಾಗುತ್ತಿತ್ತು. ಅದನ್ನು ತಣಿಸಲು ಇನ್ನೊಂದು ಯಂತ್ರ ಬೇಕಾಗುತ್ತಿತ್ತು. ಎರಡರ ವಿದ್ಯುತ್ ಬಿಲ್ಲನ್ನು ಕಂಡು ಗೃಹಿಣಿ ಕೇಳಿದ ಪ್ರಶ್ನೆಗಳಿಗೆ ಯಜಮಾನನಲ್ಲಿ ಉತ್ತರವಿರುತ್ತಿರಲಿಲ್ಲ.

ಎಲ್‌ಇಡಿ ಬರಬೇಕಾಯಿತು. ಅದು ಬಂದುದೂ ಹಿಂದುಮುಂದಾಗಿ! ೧೯೬೨ರಲ್ಲಿ ಅಮೆರಿಕದ ನಿಕ್ ಹೊಲೋನ್ಯಾಕ್ ಬೆಳಗಿಸಿದ ಹರಳು ಕೆಂಪು ಬಣ್ಣದ್ದು. ಹವಳಕ್ಕೆ ಬೇಡವಾದ ಬಣ್ಣ ಮೊದಲು ಸಿಕ್ಕಿತು. ಬೇಕಾದ ನೀಲಿಗಾಗಿ ಮತ್ತೆ ಮೂವತ್ತು ವರುಷ ಕಾಯಬೇಕಾಯಿತು. ನೀಲಿಯನ್ನು ಸೂಸಬಲ್ಲ ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದೆ ಬೆಳೆಸುವುದು ಆಗದ ಮಾತೆಂದು ಅನೇಕರು ಕೈಬಿಟ್ಟರು. ನಗೋಯಾ ವಿಶ್ವವಿದ್ಯಾನಿಲಯದ ಅಕಾಸಾಕಿ ಮತ್ತು ಅಮಾನೋ ಗುರುಶಿಷ್ಯರೂ, ನಿಚಿಯಾ ಎಂಬ ಕಂಪೆನಿಯಲ್ಲಿ ಕೆಲಸಮಾಡುತ್ತಿದ್ದ ನಕಾಮುರಾ ಅವರೂ ಬಿಡಲಿಲ್ಲ. ೧೯೯೩ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಲೋಕಕ್ಕೆ ಕಾಣಿಸಿತು. ೨೦೧೪ರಲ್ಲಿ ಮೂವರಿಗೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಮನೆಗಳ ಬಿಳಿಯ ಎಲ್‌ಇಡಿ ಬಲ್ಬೂ ಈ ನೀಲಿಯ ಸಂತಾನವೆ; ನೀಲಿ ಹರಳಿನ ಮೇಲೆ ಹಳದಿಯಾಗಿ ಹೊಳೆಯುವ ಲೇಪ ಹಚ್ಚಿದರೆ ಎರಡೂ ಬೆರೆತು ಬಿಳಿಯಾಗುತ್ತದೆ. ಆ ಜಪಾನೀಯರಲ್ಲಿ ಯಾರಿಗೂ ಹವಳದ ಚಿಂತೆಯಿರಲಿಲ್ಲವೆಂಬುದು ಬೇರೆ ಮಾತು. ಆದರೆ ಅವರ ಹರಳು ಸೂಸುವ ೪೫೦ ನ್ಯಾನೋಮೀಟರ್ ಸುಮಾರಿನ ನೀಲಿ, ಪಾಚಿಯ ಹಸಿವಿಗೆ ಅಳತೆ ತೆಗೆದು ಹೊಲಿಸಿದಂತೆ ಕೂಡಿಕೊಂಡಿತು.

ಈಗ ದೀಪಕೊಳ್ಳುವವನ ಕಡೆಗೆ ಬರೋಣ. ಅಂಗಡಿಯಲ್ಲಿ ಅವನ ಕಿವಿಗೆ ಮೊದಲು ಬೀಳುವ ಮಾತು ಕೆಲ್ವಿನ್. ಈ ದೀಪ ೧೦,೦೦೦ ಕೆಲ್ವಿನ್, ಅದು ೨೦,೦೦೦ ಎಂದು ಮಾರುವವನು ಹೇಳುತ್ತಾನೆ. ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ ವಾಲಿದೆಯೆಂದು ಅರ್ಥ, ಅಷ್ಟೆ. ಬೆಳಕು ನಮ್ಮ ಕಣ್ಣಿಗೆ ಹೇಗೆ ತೋರುತ್ತದೆಂಬುದನ್ನು ಅದು ಹೇಳೀತೇ ಹೊರತು, ಒಳಗೆ ಯಾವ ಬಣ್ಣಗಳು ಎಷ್ಟೆಷ್ಟು ಬೆರೆತಿವೆಯೆಂಬುದನ್ನಲ್ಲ. ಒಂದೇ ಅಂಕಿಯ ಎರಡು ದೀಪಗಳಲ್ಲಿ ಒಂದು ಹವಳಕ್ಕೆ ಹಬ್ಬದೂಟವಾಗಿ ಇನ್ನೊಂದು ಅರೆಹೊಟ್ಟೆಯಾಗಬಹುದು. ಕೇಳಬೇಕಾದುದು ವರ್ಣಪಟಲದ ನಕ್ಷೆಯನ್ನು. ಆ ನಕ್ಷೆಯಲ್ಲಿ ೪೨೦ರಿಂದ ೪೮೦ರವರೆಗೆ ಅಗಲವಾದ, ಎತ್ತರವಾದ ಗುಡ್ಡವಿರಬೇಕು. ಒಂದೇ ಸೂಜಿಮೊನೆಯಂಥ ಶಿಖರವಿದ್ದರೆ ಸಾಲದು. ೪೦೦ರ ಕಡೆಗೆ ಸ್ವಲ್ಪ ಊದಾ ಇದ್ದರೆ ಒಳ್ಳೆಯದು. ಆಮೇಲೆ ಬಿಳಿ, ಮಿತವಾಗಿ. ಕೆಂಪು, ಹಸಿರುಗಳ ಹರಳನ್ನು ಪ್ರತ್ಯೇಕವಾಗಿ ಕೊಟ್ಟಿದ್ದರೆ, ಅವು ಅಡಿಗೆಯ ಇಂಗಿನಂತೆ. ಬಿಳಿಯ ಹರಳಿನಲ್ಲಿಯೇ ಅವುಗಳ ಅಂಶ ಸೇರಿಕೊಂಡಿರುತ್ತದೆ. ಮೇಲುಮೇಲಿನ ನೀರಿನಲ್ಲಿ ಬೆಳೆಯುವ ಹವಳಗಳಿಗೆ ಕಡಲಿನಲ್ಲಿಯೂ ಕೆಂಪು ತಾಕದೆ ಇಲ್ಲ; ಆದುದರಿಂದ ಅದನ್ನು ವಿಷವೆಂದು ಬಗೆದು ಪೂರ್ತಿ ಆರಿಸಿಬಿಡಬೇಕಾಗಿಯೂ ಇಲ್ಲ.

ಕಣ್ಣೆಂಬ ಸುಳ್ಳು ಸಾಕ್ಷಿ

ಬಣ್ಣವನ್ನು ಸರಿಯಾಗಿ ಆರಿಸಿದವನೂ ಎಡವುವುದು ಪ್ರಮಾಣದಲ್ಲಿ. ಅದಕ್ಕೆ ಕಾರಣ ನಮ್ಮ ಕಣ್ಣೇ. ಮನುಷ್ಯನ ಕಣ್ಣು ೫೫೫ ನ್ಯಾನೋಮೀಟರಿನ ಹಸಿರು-ಹಳದಿಗೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಅಲ್ಲಿ ಅದರ ಶಕ್ತಿಯನ್ನು ನೂರು ಎಂದು ಎಣಿಸಿದರೆ ೪೫೦ರ ನೀಲಿಯಲ್ಲಿ ಅದು ನಾಲ್ಕಕ್ಕೂ ಕಡಿಮೆ. ಹವಳದ ಪಾಚಿಗೆ ಅತಿ ಪ್ರಬಲವಾದ ಬೆಳಕು ನಮ್ಮ ಕಣ್ಣಿಗೆ ಸಂಜೆಯ ಮಬ್ಬಿನಂತೆ ತೋರುವುದು ಇದರಿಂದ.

ಇದರ ಪರಿಣಾಮವನ್ನು ಹವಳ ಸಾಕುವವರ ಮನೆಮನೆಯಲ್ಲಿಯೂ ಕಾಣಬಹುದು. ವರುಷಗಟ್ಟಲೆ ಹಳೆಯ ಕೊಳವೆ ದೀಪಗಳ ಕೆಳಗೆ ಚೆನ್ನಾಗಿದ್ದ ತೊಟ್ಟಿ. ಯಜಮಾನ ಹಬ್ಬಕ್ಕೆಂದು ಹೊಸ ಎಲ್‌ಇಡಿ ತರುತ್ತಾನೆ. ಹೊತ್ತಿಸಿದಾಗ ನೀಲಿ ಬೆಳಕು ಮಂಕಾಗಿ ಕಾಣಿಸುತ್ತದೆ. ಇಷ್ಟು ಹಣ ಕೊಟ್ಟದ್ದು ಇದಕ್ಕೆಯೇ ಎಂದು ಎಲ್ಲ ಬಣ್ಣಗಳನ್ನೂ ತುದಿಗೆ ಏರಿಸುತ್ತಾನೆ. ಒಂದು ವಾರದಲ್ಲಿ ಹವಳದ ಕೊಂಬೆಗಳ ತುದಿ ತೆಳುವಾಗುತ್ತದೆ; ಎರಡನೆಯ ವಾರದಲ್ಲಿ ಬೆನ್ನು ಬಿಳಿಚುತ್ತದೆ. ಬಿಳಿಚಿದ್ದನ್ನು ಕಂಡು ಅವನಿಗೆ ಅನ್ನಿಸುವುದೇನು? ಬೆಳಕು ಸಾಲದೆ ಗಿಡ ಬಿಳಿಚಿಕೊಳ್ಳುವುದಿಲ್ಲವೆ, ಹಾಗೆಯೆ ಇದೂ ಎಂದು! ದೀಪವನ್ನು ಇನ್ನಷ್ಟು ಕೆಳಗಿಳಿಸಿ ಹತ್ತಿರ ತರುತ್ತಾನೆ. ಹಸಿದು ಅಳುತ್ತಿದೆಯೆಂದು ಅಜೀರ್ಣವಾದ ಮಗುವಿನ ಬಾಯಿಗೆ ಮತ್ತೆ ತುತ್ತಿಟ್ಟ ಕತೆ ಇದು. ಮೇರೆ ಮೀರಿ ಬೆಳಕು ಬಿದ್ದಾಗ ಪಾಚಿಯ ಅಡಿಗೆಮನೆಯಲ್ಲಿ ಅಡಿಗೆಗೆ ಬದಲಾಗಿ ಉಗ್ರ ರೂಪದ ಆಮ್ಲಜನಕ ಹುಟ್ಟುತ್ತದೆ. ಅದು ಪಾಚಿಯನ್ನೂ ಸುಡುತ್ತದೆ, ಆಶ್ರಯ ಕೊಟ್ಟ ಹವಳವನ್ನೂ ಸುಡುತ್ತದೆ. ತನ್ನ ಜೀವ ಉಳಿಸಿಕೊಳ್ಳಲು ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಯಜಮಾನ ಪ್ರೀತಿಯಿಂದಲೇ ಕೊಲ್ಲುತ್ತಿರುತ್ತಾನೆ. ಐದು ವರುಷ ಬೆಳೆದ ಕೊಂಬೆ ಹದಿನೈದು ದಿನದಲ್ಲಿ ಹೋದಾಗ ಆ ಮನೆಯಲ್ಲಿ ಕವಿಯುವ ಮೌನವನ್ನು, ನಾಯಿ ಬೆಕ್ಕು ಸಾಕಿದವರು ಊಹಿಸಿಕೊಳ್ಳಬಲ್ಲರು.

ಆದುದರಿಂದಲೇ ಬಲ್ಲವರು ಕಣ್ಣನ್ನು ನಂಬುವುದಿಲ್ಲ, ಮಾಪಕವನ್ನು ನಂಬುತ್ತಾರೆ. ಛಾಯಾಚಿತ್ರಗಾರರ ಲಕ್ಸ್ ಮಾಪಕ ಇಲ್ಲಿ ಪ್ರಯೋಜನಕ್ಕೆ ಬಾರದು; ಅದೂ ಮನುಷ್ಯನ ಕಣ್ಣನ್ನೇ ಅನುಕರಿಸುವಂಥದು. ಬೇಕಾದುದು ಪಾರ್ ಮಾಪಕ. ೪೦೦ರಿಂದ ೭೦೦ ನ್ಯಾನೋಮೀಟರಿನವರೆಗಿನ ಬೆಳಕಿನ ಕಣಗಳು ಒಂದು ಸೆಕೆಂಡಿಗೆ ಒಂದು ಚದರ ಮೀಟರಿನ ಮೇಲೆ ಎಷ್ಟು ಬೀಳುತ್ತವೆಂಬುದನ್ನು ಅದು ಬಣ್ಣಭೇದವಿಲ್ಲದೆ ಎಣಿಸುತ್ತದೆ. ನಡುಹಗಲಿನ ಉಷ್ಣವಲಯದ ಬಿಸಿಲು ಈ ಲೆಕ್ಕದಲ್ಲಿ ಸುಮಾರು ೨,೦೦೦ ಮೈಕ್ರೋಮೋಲ್. ತೊಟ್ಟಿಯಲ್ಲಿ ಮೆತ್ತನೆಯ ಹವಳಗಳಿಗೂ ದಪ್ಪ ಪಾಲಿಪಿನವುಗಳಿಗೂ ೫೦ರಿಂದ ೧೫೦ ಧಾರಾಳವಾಯಿತು. ಅಕ್ರೋಪೋರದಂಥ ಕೊಂಬೆಹವಳಗಳು ೨೦೦ರಿಂದ ೩೫೦ರವರೆಗೆ ಬಯಸುತ್ತವೆ. ಹಳೆಯ ಮಾದರಿಯ ಕೆಲವು ಮಾಪಕಗಳು ನೀಲಿಯನ್ನು ಕಡಿಮೆಯಾಗಿ ಎಣಿಸುತ್ತವೆಂಬುದನ್ನು ಮಾತ್ರ ನೆನಪಿಡಬೇಕು. ಮಾಪಕದ ಬೆಲೆ ದುಬಾರಿ. ಅಮೆರಿಕದಲ್ಲಿ ಹವ್ಯಾಸಿಗಳ ಸಂಘಗಳು ಒಂದನ್ನು ಕೊಂಡು ಸದಸ್ಯರಿಗೆ ಸರದಿಯಂತೆ ಎರವಲು ಕೊಡುವುದುಂಟು. ಹಿಂದೆ ನಮ್ಮ ಓಣಿಗೊಂದು ಶಾವಿಗೆ ಒತ್ತುವ ಒರಳು ಇದ್ದಂತೆ.

ಹೊಸ ದೀಪವನ್ನು ಮೂರನೆಯ ಒಂದು ಪಾಲಿನಿಂದ ಆರಂಭಿಸಿ, ಒಂದೂವರೆ ಎರಡು ತಿಂಗಳ ಮೇಲೆ ನಿಧಾನವಾಗಿ ಏರಿಸುವುದು ಅನುಭವಿಗಳ ಪದ್ಧತಿ. ಬೆಳಗ್ಗೆ ಒಮ್ಮೆಗೇ ಹೊತ್ತಿಸದೆ ನೀಲಿಯಿಂದ ಮೊದಲುಮಾಡಿ, ನಡುಹಗಲಿಗೆ ಬಿಳಿ ಕೂಡಿಸಿ, ಸಂಜೆಗೆ ಮತ್ತೆ ನೀಲಿಗೆ ಇಳಿದು, ಒಟ್ಟು ಎಂಟರಿಂದ ಹತ್ತು ಗಂಟೆ. ಇನ್ನೊಂದು ತೊಡಕೆಂದರೆ ನೆರಳು. ಸೂಜಿಯಂಥ ಎಲ್‌ಇಡಿ ಹರಳುಗಳ ಬೆಳಕು ಒಂದೇ ದಿಕ್ಕಿನಿಂದ ಬೀಳುತ್ತದೆ. ಕೊಂಬೆಯ ಮೇಲ್ಭಾಗ ಸುಡುವಾಗ ಕೆಳಭಾಗ ಕತ್ತಲೆಯಲ್ಲಿ ಸಾಯುತ್ತಿರುತ್ತದೆ. ಅದಕ್ಕಾಗಿ ಕೆಲವರು ಎರಡು ಸಣ್ಣ ದೀಪಗಳನ್ನು ಅಂತರವಿಟ್ಟು ತೂಗುತ್ತಾರೆ. ಕೆಲವರು ಎಲ್‌ಇಡಿಯ ಇಕ್ಕೆಲಗಳಲ್ಲಿ ಹಳೆಯ ಕೊಳವೆ ದೀಪಗಳನ್ನೂ ಇಟ್ಟುಕೊಂಡಿದ್ದಾರೆ. ಹಳಬರನ್ನು ಪೂರ್ತಿ ಮನೆಯಿಂದ ಹೊರಡಿಸುವುದು ಸುಲಭವಲ್ಲ, ನೋಡಿ.

ಇನ್ನು ಬಣ್ಣದ ಮಾತು. ಕಟಾಲಾ ಕಂಡ ಕೆಂಡಗಳಿಗೆ ಕಾರಣ ಹವಳದ ಮೈಯಲ್ಲಿರುವ ಒಂದು ಜಾತಿಯ ಪ್ರೋಟೀನುಗಳು. ಅವು ನೀಲಿಯನ್ನು ನುಂಗಿ ಹಸಿರನ್ನೋ ಕೆಂಪನ್ನೋ ಹೊರಸೂಸುತ್ತವೆ. ೧೯೬೨ರಲ್ಲಿ ಶಿಮೊಮುರಾ ಅವರು ಒಂದು ಅಂಬಲಿಮೀನಿನಲ್ಲಿ ಹಸಿರಿನದನ್ನು ಗುರುತಿಸಿದರು. ಆ ಕೆಲಸಕ್ಕೂ ಅದರ ಮುಂದುವರಿಕೆಗೂ ೨೦೦೮ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂದಿತು. ಈ ಪ್ರೋಟೀನುಗಳಿಂದ ಹವಳಕ್ಕೇನು ಲಾಭ? ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದವರು ಕೊಟ್ಟ ಉತ್ತರ ಮನೋಹರವಾಗಿದೆ. ಬಿಸಿಲು ಹೆಚ್ಚಿರುವ ಮೇಲ್ಗಡಲಿನಲ್ಲಿ ಈ ಬಣ್ಣಗಳು ಪಾಚಿಗೆ ಹಿಡಿದ ಕೊಡೆ. ನೀಲಿಯೊಂದೇ ಉಳಿದಿರುವ ಆಳದಲ್ಲಿ ಅದೇ ಬಳಗದ ಕೆಂಪು ಪ್ರೋಟೀನುಗಳು ನೀಲಿಯನ್ನು ಕಿತ್ತಳೆಗೆಂಪಾಗಿ ಪರಿವರ್ತಿಸಿ, ಮಾಂಸದ ಒಳಪದರದಲ್ಲಿ ಅಡಗಿದ ಪಾಚಿಯವರೆಗೂ ತಲಪಿಸುತ್ತವೆ ಎಂದು ೨೦೧೭ರಲ್ಲಿ ಅವರು ತೋರಿಸಿದರು. ನೀಲಿ ಬೆಳಕೇ ಇಂಥ ಬಣ್ಣಗಳ ತಯಾರಿಕೆಯನ್ನು ಪ್ರಚೋದಿಸುತ್ತದೆಂಬುದು ಅದಕ್ಕೂ ಮುಂಚೆ, ೨೦೦೮ರಲ್ಲಿಯೇ ತಿಳಿದಿತ್ತು. ಮಂದ ಬೆಳಕಿನಲ್ಲಿ ಕಂದಾಗಿ ಕುಳಿತ ಹವಳವನ್ನು ಸರಿಯಾದ ನೀಲಿಯ ಕೆಳಗಿಟ್ಟು ತಿಂಗಳುಗಟ್ಟಲೆ ಕಾದವನಿಗೆ ಅದು ನೇರಿಳೆಯಾಗಿಯೋ ಗುಲಾಬಿಯಾಗಿಯೋ ತಿರುಗಿ ತೋರಿಸುವುದು ಈ ಕಾರಣದಿಂದ.

ಇದನ್ನು ವ್ಯಾಪಾರಿಗಳೂ ಚೆನ್ನಾಗಿ ಬಲ್ಲರು. ಅಂಗಡಿಯಲ್ಲಿ ಬರಿಯ ನೀಲಿ ದೀಪ ಹೊತ್ತಿಸಿ, ಗಿರಾಕಿಯ ಕೈಗೆ ಹಳದಿ ಕನ್ನಡಕ ಕೊಡುತ್ತಾರೆ. ಕನ್ನಡಕವು ನೀಲಿಯನ್ನು ತಡೆದು ಹೊಳಪನ್ನು ಮಾತ್ರ ಕಣ್ಣಿಗೆ ಬಿಡುತ್ತದೆ. ಸೀರೆ ಅಂಗಡಿಯ ದೀಪದಡಿ ಆರಿಸಿದ ಸೀರೆಯನ್ನು ಹೊರಗಿನ ಬಿಸಿಲಿಗೆ ಹಿಡಿದು ನೋಡುವ ನಮ್ಮ ಹೆಂಗಸರ ಜಾಣತನ ಇಲ್ಲಿಯೂ ಬೇಕು. ಹಾಗೆಂದು ಮನೆಯಲ್ಲಿಯೂ ಹಗಲಿರುಳು ನೀಲಿಯೊಂದನ್ನೇ ಉರಿಸಿದರೆ ಹವಳಗಳೇನೋ ಬದುಕಿಯಾವು. ಪಡಸಾಲೆಯಲ್ಲಿ ಕುಳಿತವರ ಮುಖಗಳೆಲ್ಲ ಮುಳುಗಿ ಸತ್ತವರ ಮುಖದಂತೆ ಕಂಡು ಮನೆಯವರ ಮನಸ್ಸು ಕೆಡುತ್ತದೆ. ಬಿಳಿ ಬೆರೆಸುವುದು ಬಹುಮಟ್ಟಿಗೆ ಮನುಷ್ಯರ ಸಲುವಾಗಿ. ಆ ಮಟ್ಟಿಗೆ ಮನುಷ್ಯರಿಗೂ ಪಾಲು ಸಲ್ಲಬೇಕಾದುದೇ.

ಇಷ್ಟು ಓದಿ ತಮ್ಮ ಮನೆಯಲ್ಲಿಯೂ ಒಂದು ಹವಳದ ತೊಟ್ಟಿ ಇಡಬೇಕೆಂದು ಯಾರಿಗಾದರೂ ಆಸೆ ಹುಟ್ಟಿದ್ದರೆ ಕಾನೂನಿನ ಮಾತನ್ನು ಕೇಳಿಸಿಕೊಳ್ಳಬೇಕು. ದಿಬ್ಬ ಕಟ್ಟುವ ಹವಳಗಳನ್ನು ೨೦೦೧ರಲ್ಲಿ ಭಾರತದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ, ಆನೆಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಾಗಲಿ ಲಕ್ಷದ್ವೀಪದಲ್ಲಾಗಲಿ ನೀರಿಗಿಳಿದವರು ಒಂದು ಚೂರನ್ನು ಕಿತ್ತು ತಂದರೂ ಅಪರಾಧ. ಮುಳುಗಿ ನೋಡಿ ಬರುವುದಕ್ಕೆ ಅಡ್ಡಿಯಿಲ್ಲ. ಹಾಗೆ ನೋಡಿದಾಗ ಆಳಕ್ಕೆ ಇಳಿದಂತೆಲ್ಲ ಕೆಂಪು ಬಣ್ಣ ಮರೆಯಾಗುವುದನ್ನು ತಮ್ಮ ಕೈಬೆರಳಿನ ಉಂಗುರದ ಹವಳದಲ್ಲಿಯೇ ಪರೀಕ್ಷಿಸಿಕೊಳ್ಳಬಹುದು.

ಲಂಡನ್ನಿನ ಬೆಳುದಿಂಗಳು

ಈ ದೀಪಗಳ ವ್ಯವಹಾರವೆಲ್ಲ ಹಣವುಳ್ಳವರ ವಿನೋದವಷ್ಟೆ ಎಂದು ತಳ್ಳಿಹಾಕುವಂತಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಕಡಲು ಕಾಯುತ್ತಿದೆ. ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಲಕ್ಷದ್ವೀಪದ ದಿಬ್ಬಗಳು ಬಿಸಿನೀರಿನಿಂದ ಬಿಳಿಚಿದುವು. ಲೋಕದ ಬೇರೆ ಕಡಲುಗಳ ಪಾಡೂ ಇದೇ. ಕಡಲಿನಲ್ಲಿ ಉಳಿಯದ ಜಾತಿಗಳನ್ನು ತೊಟ್ಟಿಯಲ್ಲಾದರೂ ಉಳಿಸಿ, ಮರಿ ಮಾಡಿಸಿ ಹಿಂದಕ್ಕೆ ಬಿಡಬಹುದೇ ಎಂದು ಕೇಳುವ ಕಾಲ ಬಂದಿದೆ. ಕೊಂಬೆ ಮುರಿದು ನೆಟ್ಟರೆ ಹವಳ ಬೆಳೆಯುತ್ತದೆ, ನಿಜ. ಆದರೆ ಅದು ಅದೇ ತಾಯಿಯ ಪಡಿಯಚ್ಚು. ಹೊಸ ತಲೆಮಾರು ಬೇಕಾದರೆ ಹವಳಗಳು ಮೊಟ್ಟೆಯಿಡಬೇಕು. ಕಡಲಿನಲ್ಲಿ ಅವು ಅದನ್ನು ವರುಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ದಿನಗಳಲ್ಲಿ, ರಾತ್ರಿಯ ಗೊತ್ತಾದ ಗಳಿಗೆಯಲ್ಲಿ ಒಮ್ಮೆಗೇ ಮಾಡುತ್ತವೆ.

ದಕ್ಷಿಣ ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಮತ್ಸ್ಯಾಲಯದಲ್ಲಿ ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು ೨೦೧೨ರಲ್ಲಿ ಇದಕ್ಕೆ ಕೈಹಾಕಿದರು. ನೀರಿನ ಉಷ್ಣತೆಯನ್ನು ಹವಳದ ತವರುಗಡಲಿನ ಋತುಗಳಂತೆ ಏರಿಸಿ ಇಳಿಸಿದರು. ಎಲ್‌ಇಡಿ ದೀಪಗಳು ಅಲ್ಲಿಯ ಸೂರ್ಯ ಏಳುವ ಹೊತ್ತಿಗೆ ಎದ್ದು, ಮುಳುಗುವ ಹೊತ್ತಿಗೆ ಮುಳುಗಿದುವು. ಇನ್ನೊಂದು ಸಣ್ಣ ದೀಪ ಚಂದ್ರನಾಯಿತು. ಪಾಡ್ಯದಿಂದ ಹುಣ್ಣಿಮೆಗೆ ಬೆಳೆದು ಮತ್ತೆ ಕ್ಷಯಿಸಿತು. ಬೀದಿಯ ದೀಪದ ಒಂದು ಎಳೆಯೂ ಒಳಗೆ ನುಸುಳದಂತೆ ತೊಟ್ಟಿಗಳಿಗೆ ತೆರೆ ಕಟ್ಟಿದರು. ಏಕೆಂದರೆ ಹುಸಿ ಬೆಳಕು ಬಿದ್ದರೆ ಹವಳಕ್ಕೆ ತಿಥಿ ತಪ್ಪುತ್ತದೆ. ೨೦೧೩ರಲ್ಲಿ ಅಲ್ಲಿಯ ಹವಳಗಳು ಮೊದಲ ಬಾರಿ ಮೊಟ್ಟೆಯಿಟ್ಟುವು. ೨೦೧೭ರ ವೇಳೆಗೆ ಅವರು ತಮ್ಮ ವಿಧಾನವನ್ನೆಲ್ಲ ಬರೆದು ಪ್ರಕಟಿಸಿದರು. ೨೦೧೯ರ ಆಗಸ್ಟಿನಲ್ಲಿ ಫ್ಲಾರಿಡ ಮತ್ಸ್ಯಾಲಯವು ಹಾರ್ನಿಮನ್ನಿನವರ ನೆರವಿನಿಂದ, ಅಟ್ಲಾಂಟಿಕಿನಲ್ಲಿ ಅಳಿವಿನಂಚಿಗೆ ಬಂದಿದ್ದ ಕಂಬಹವಳವನ್ನು ಇದೇ ರೀತಿಯ ದೀಪದ ಸೂರ್ಯಚಂದ್ರರ ಕೆಳಗೆ ಫಲವತಿಯನ್ನಾಗಿ ಮಾಡಿತು.

ಆ ರಾತ್ರಿಗಳಲ್ಲಿ ಕಾವಲು ಕೂತವರ ತಲೆಗೆ ಕಟ್ಟಿದ ದೀಪಗಳು ಕೆಂಪು ಬಣ್ಣದವಾಗಿರುತ್ತವೆ. ಹವಳ ಕೆಂಪನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಆ ಕತ್ತಲೆಯಲ್ಲಿ ಯಾರೂ ಮಾತನಾಡುವುದಿಲ್ಲ. ಮೊದಲು ಪಾಲಿಪುಗಳ ಬಾಯಲ್ಲಿ ಸಾಸಿವೆಯಷ್ಟು ಗಾತ್ರದ ಗುಲಾಬಿ ಬಣ್ಣದ ಮುತ್ತೊಂದು ಕಾಣಿಸಿಕೊಳ್ಳುತ್ತದೆ. ಕೊಂಚ ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಆಮೇಲೆ ಒಂದೊಂದಾಗಿ ಕಳಚಿಕೊಂಡು, ನೀರಿನಲ್ಲಿ ಮೆಲ್ಲಮೆಲ್ಲನೆ ಮೇಲೇರತೊಡಗುತ್ತವೆ.